ಚಲಿಸುವ ವಿದ್ಯುದಾವೇಶ, ತಿರುಗುವ ದಿಕ್ಸೂಚಿ: ಸೌರ ಬಿರುಗಾಳಿಯ ಹಿಂದಿರುವ ಎರಡು ನಿಯಮಗಳು

2024ರ ಮೇ 10ರ ರಾತ್ರಿ ಕಳೆದು 11ನೇ ತಾರೀಖು ಹುಟ್ಟಿದ ಹೊತ್ತಿನಲ್ಲಿ, ಲಡಾಖಿನ ಹಾನ್ಲೆಯಲ್ಲಿ ಉತ್ತರ ದಿಗಂತದ ಮೇಲಿನ ಆಕಾಶ ಕೆಂಪೇರಿತು. ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಅಲ್ಲಿನ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ. ಅಲ್ಲಿನ ಕ್ಯಾಮೆರಾಗಳು ಸೆರೆಹಿಡಿದ ಚಿತ್ರಗಳು ಕೆಲವೇ ಗಂಟೆಗಳಲ್ಲಿ ದೇಶದ ತುಂಬ ಹರಡಿದವು. ನಾರ್ವೆ, ಐಸ್‌ಲ್ಯಾಂಡ್‌ಗಳಿಗೆ ಹೋಗಿ ನೋಡಬೇಕಾದ ಧ್ರುವಪ್ರಭೆ, ಅಂದರೆ ಅರೋರಾ ಎಂಬ ಬಣ್ಣದ ಬೆಳಕು, ಭಾರತದ ನೆಲದಿಂದ ಕಂಡದ್ದು ಹೇಗೆ, ಅದಕ್ಕೆ ಕಾರಣವಾದ ಸೌರ ಬಿರುಗಾಳಿಯಿಂದ ಕರೆಂಟು, ಮೊಬೈಲು, ಜಿಪಿಎಸ್‌ಗಳಿಗೆ ತೊಂದರೆ ಇದೆಯೇ, ಅದೇ ಬೆಳಕು ಕರ್ನಾಟಕದಲ್ಲಿ ಏಕೆ ಕಾಣಲಿಲ್ಲ ಎಂಬ ಪ್ರಶ್ನೆಗಳು ಸಹಜವಾಗಿಯೇ ಎದ್ದವು. ಅದೇ ವರ್ಷದ ಅಕ್ಟೋಬರ್ 10ರ ರಾತ್ರಿ ಹಾನ್ಲೆಯ ಆಕಾಶ ಮತ್ತೊಮ್ಮೆ ಕೆಂಪಾದಾಗ ಈ ಪ್ರಶ್ನೆಗಳೂ ಮರಳಿ ಬಂದವು.

ಇವುಗಳಿಗೆ ಉತ್ತರ ಹುಡುಕಲು ಖಗೋಳ ವಿಜ್ಞಾನದ ದೊಡ್ಡ ಪಾಂಡಿತ್ಯವೇನೂ ಬೇಕಿಲ್ಲ. ಚಲಿಸುವ ವಿದ್ಯುದಾವೇಶ ತನ್ನ ಸುತ್ತ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ ಎಂಬುದು ಒಂದು ನಿಯಮ. ಕಾಂತಕ್ಷೇತ್ರದೊಳಗೆ ಚಲಿಸುವ ವಿದ್ಯುದಾವೇಶದ ಮೇಲೆ ಅಡ್ಡದಿಕ್ಕಿನಲ್ಲಿ ಬಲ ಬೀಳುತ್ತದೆ ಎಂಬುದು ಇನ್ನೊಂದು. ಮನೆಯ ಫ್ಯಾನ್ ತಿರುಗುವುದಕ್ಕೂ ಹಾನ್ಲೆಯ ಆಕಾಶ ಕೆಂಪಾಗುವುದಕ್ಕೂ ಆಧಾರ ಈ ಎರಡು ನಿಯಮಗಳೇ. ಇವನ್ನು ಬುಡದಿಂದ ಅರ್ಥಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಆವೇಶ ಮತ್ತು ಕ್ಷೇತ್ರ

ಎಲ್ಲ ವಸ್ತುಗಳೂ ಪರಮಾಣುಗಳಿಂದ ಆಗಿವೆ. ಪರಮಾಣುವಿನ ನಡುವೆ ಧನ ಆವೇಶದ ಪ್ರೋಟಾನ್‌ಗಳೂ ಹೊರಭಾಗದಲ್ಲಿ ಋಣ ಆವೇಶದ ಎಲೆಕ್ಟ್ರಾನ್‌ಗಳೂ ಇರುತ್ತವೆ. ಒಂದೇ ಬಗೆಯ ಆವೇಶಗಳು ಪರಸ್ಪರ ವಿಕರ್ಷಿಸುತ್ತವೆ, ಬೇರೆ ಬಗೆಯವು ಆಕರ್ಷಿಸುತ್ತವೆ. ತಲೆ ಬಾಚಿದ ಬಾಚಣಿಗೆಗೆ ಕಾಗದದ ಚೂರುಗಳು ಅಂಟಿಕೊಳ್ಳುವುದು ಈ ಬಲದಿಂದಲೇ. ಆವೇಶಗಳು ನಿಂತಲ್ಲೇ ನಿಂತಿದ್ದರೆ ಅವುಗಳ ನಡುವೆ ಇರುವುದು ಈ ವಿದ್ಯುತ್ ಬಲ ಮಾತ್ರ.

ಅವು ಚಲಿಸತೊಡಗಿದೊಡನೆ ಇದರ ಜೊತೆಗೆ ಇನ್ನೊಂದು ಬಲ ಸೇರಿಕೊಳ್ಳುತ್ತದೆ. ಅದೇ ಕಾಂತಬಲ. ಕಾಂತಕ್ಷೇತ್ರ ಎಂದರೆ, ಈ ಬಲ ಎಲ್ಲೆಲ್ಲಿ, ಯಾವ ದಿಕ್ಕಿನಲ್ಲಿ, ಎಷ್ಟು ಪ್ರಬಲವಾಗಿ ತೋರಬಲ್ಲದು ಎಂಬುದನ್ನು ಸೂಚಿಸುವ ಪ್ರದೇಶ. ಒಂದು ಜಾಗದಲ್ಲಿ ಕ್ಷೇತ್ರ ಯಾವ ಕಡೆಗಿದೆ ಎಂದು ತಿಳಿಯಲು ಅಲ್ಲಿ ದಿಕ್ಸೂಚಿಯನ್ನು ಇಟ್ಟರೆ ಸಾಕು, ಮುಳ್ಳಿನ ಉತ್ತರ ತುದಿ ತೋರಿಸುವುದೇ ಕ್ಷೇತ್ರದ ದಿಕ್ಕು. ಅದರ ಪ್ರಬಲತೆಯನ್ನು ಟೆಸ್ಲಾ ಎಂಬ ಮಾನದಲ್ಲಿ ಅಳೆಯುತ್ತಾರೆ. ಆಸ್ಪತ್ರೆಯ ಎಂಆರ್‌ಐ ಯಂತ್ರಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 1.5 ಟೆಸ್ಲಾದ ಕ್ಷೇತ್ರ. ದಕ್ಷಿಣ ಭಾರತದಲ್ಲಿ ಭೂಮಿಯ ಕಾಂತಕ್ಷೇತ್ರದ ಪ್ರಬಲತೆ ಸುಮಾರು 40 ಮೈಕ್ರೊಟೆಸ್ಲಾ, ಅಂದರೆ ಒಂದು ಟೆಸ್ಲಾದ ಹತ್ತು ಲಕ್ಷ ಭಾಗಗಳಲ್ಲಿ 40 ಭಾಗ ಮಾತ್ರ. ಒಂದು ಮೈಕ್ರೊಟೆಸ್ಲಾದ ಸಾವಿರದಲ್ಲೊಂದು ಭಾಗ ನ್ಯಾನೊಟೆಸ್ಲಾ. ಈ ಅತಿ ಚಿಕ್ಕ ಮಾನವೂ ಮುಂದೆ ಬೇಕಾಗುತ್ತದೆ.

ಮೊದಲ ನಿಯಮ: ತಂತಿಯ ಬಳಿ ತಿರುಗಿದ ಮುಳ್ಳು

ವಿದ್ಯುತ್ತು ಬೇರೆ, ಕಾಂತತೆ ಬೇರೆ ಎಂದೇ 19ನೇ ಶತಮಾನದ ಆರಂಭದವರೆಗೂ ಬಹುತೇಕ ವಿದ್ವಾಂಸರು ನಂಬಿದ್ದರು. 1820ರಲ್ಲಿ ಕೋಪನ್‌ಹೇಗನ್ನಿನ ಪ್ರಾಧ್ಯಾಪಕ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಅತ್ತಿತ್ತ ತಿರುಗುವುದನ್ನು ತೋರಿಸಿದರು. ಅದೇ ವರ್ಷದ ಜುಲೈನಲ್ಲಿ ಅವರು ಅದನ್ನು ಪ್ರಕಟಿಸಿದ ಮೇಲೆ ಯುರೋಪಿನ ಪ್ರಯೋಗಾಲಯಗಳಲ್ಲಿ ಸಂಚಲನ ಉಂಟಾಯಿತು. ಪ್ಯಾರಿಸ್ಸಿನಲ್ಲಿ ಆಂಪೇರ್ ಎಂಬ ವಿಜ್ಞಾನಿ ಸೆಪ್ಟೆಂಬರಿನಲ್ಲೇ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಾಂತದ ಹಂಗೇ ಇಲ್ಲದೆ ವಿದ್ಯುತ್ ಹರಿಯುವ ಎರಡು ತಂತಿಗಳು ಪರಸ್ಪರ ಸೆಳೆಯುವುದನ್ನೂ ದೂಡುವುದನ್ನೂ ತೋರಿಸಿದರು. ಪ್ರವಾಹಗಳು ಒಂದೇ ದಿಕ್ಕಿನಲ್ಲಿದ್ದರೆ ಸೆಳೆತ, ಎದುರುಬದುರಾಗಿದ್ದರೆ ದೂಡುವಿಕೆ. ಮೀಟರ್ ಅಂತರದಲ್ಲಿರುವ ಎರಡು ತಂತಿಗಳ ನಡುವಿನ ಈ ಬಲವನ್ನೇ ಆಧಾರವಾಗಿಟ್ಟುಕೊಂಡು, ವಿದ್ಯುತ್ ಪ್ರವಾಹವನ್ನು ಅಳೆಯುವ ಆಂಪೇರ್ ಎಂಬ ಮಾನವನ್ನು 2019ರ ಮೇ 20ರವರೆಗೆ ವ್ಯಾಖ್ಯಾನಿಸಲಾಗುತ್ತಿತ್ತು.

ಅರ್ಸ್ಟೆಡ್ ಪ್ರಯೋಗವನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಿ ನೋಡಬಹುದು. ಒಂದು ಸಣ್ಣ ದಿಕ್ಸೂಚಿ, ಟಾರ್ಚಿಗೆ ಹಾಕುವ 1.5 ವೋಲ್ಟಿನ ಒಂದು ಸೆಲ್ ಮತ್ತು ಎರಡು ಅಡಿ ಉದ್ದದ, ತುದಿಗಳನ್ನು ಕೆರೆದ ತಂತಿ ಇದ್ದರೆ ಸಾಕು. ದಿಕ್ಸೂಚಿಯನ್ನು ಮರದ ಮೇಜಿನ ಮೇಲಿಟ್ಟು, ಮುಳ್ಳು ಉತ್ತರಕ್ಕೆ ನಿಂತ ಮೇಲೆ ಅದರ ಮೇಲ್ಗಡೆ, ಗಾಜಿಗೆ ತಾಗುವಂತೆ, ತಂತಿಯನ್ನು ಮುಳ್ಳಿನ ನೇರಕ್ಕೇ ಹಿಡಿಯಬೇಕು. ತಂತಿಯ ಎರಡು ತುದಿಗಳನ್ನು ಸೆಲ್ಲಿನ ಎರಡು ಕಡೆಗೆ ಒಂದೆರಡು ಕ್ಷಣ ಮಾತ್ರ ಮುಟ್ಟಿಸಬೇಕು, ಹೆಚ್ಚು ಹೊತ್ತು ಹಿಡಿದರೆ ತಂತಿಯೂ ಸೆಲ್ಲೂ ಬಿಸಿಯಾಗುತ್ತವೆ. ಪ್ರವಾಹ ದಕ್ಷಿಣದಿಂದ ಉತ್ತರಕ್ಕೆ ಹರಿದರೆ ಮುಳ್ಳಿನ ಉತ್ತರ ತುದಿ ಪಶ್ಚಿಮಕ್ಕೆ ವಾಲುತ್ತದೆ. ಸೆಲ್ಲನ್ನು ತಿರುವು ಮುರುವು ಮಾಡಿದರೆ ಪೂರ್ವಕ್ಕೆ ವಾಲುತ್ತದೆ. ತಂತಿಯನ್ನು ದಿಕ್ಸೂಚಿಯ ಕೆಳಗಿಟ್ಟರೆ ಎಲ್ಲವೂ ಉಲ್ಟಾ ಆಗುತ್ತದೆ. ಗೋಡೆಯೊಳಗಿನ ಕರೆಂಟಿನಿಂದ ಇದನ್ನು ಎಂದಿಗೂ ಮಾಡಬಾರದು.

ಈ ಚಿಕ್ಕ ಪ್ರಯೋಗದಲ್ಲಿ ಗಮನಿಸಬೇಕಾದದ್ದು ಬಹಳಷ್ಟಿದೆ. ಮುಳ್ಳು ತಂತಿಯ ಕಡೆಗೆ ಎಳೆದುಕೊಳ್ಳುವುದಿಲ್ಲ, ತಂತಿಯಿಂದ ದೂರಕ್ಕೂ ಸರಿಯುವುದಿಲ್ಲ, ತಂತಿಗೆ ಅಡ್ಡವಾಗಿ ನಿಲ್ಲಲು ಹೊರಡುತ್ತದೆ. ಮೇಲೆ ಹಿಡಿದಾಗ ಒಂದು ಕಡೆ, ಕೆಳಗೆ ಹಿಡಿದಾಗ ಇನ್ನೊಂದು ಕಡೆ ತಿರುಗುವುದರಿಂದ ಕಾಂತಕ್ಷೇತ್ರ ತಂತಿಯ ಸುತ್ತ ಬಳೆಗಳಂತೆ ಸುತ್ತುವರಿದಿದೆ ಎಂದು ತಿಳಿಯುತ್ತದೆ. ಬಲಗೈಯಿಂದ ತಂತಿಯನ್ನು ಹಿಡಿದು ಹೆಬ್ಬೆರಳನ್ನು ಪ್ರವಾಹದ ದಿಕ್ಕಿಗೆ ಚಾಚಿದರೆ, ಮಡಿಚಿದ ಉಳಿದ ಬೆರಳುಗಳು ಸುತ್ತುವ ದಿಕ್ಕೇ ಕ್ಷೇತ್ರದ ದಿಕ್ಕು. ಪ್ರೌಢಶಾಲೆಯಲ್ಲಿ ಕಲಿತ ಬಲಗೈ ಹೆಬ್ಬೆರಳ ನಿಯಮ ಇದೇ. ಎಷ್ಟು ವಾಲುತ್ತದೆ ಎಂಬುದನ್ನೂ ಲೆಕ್ಕಹಾಕಬಹುದು. 2 ಆಂಪೇರ್ ಪ್ರವಾಹ ಹರಿಯುವ ನೇರ ತಂತಿಯಿಂದ 1 ಸೆಂಟಿಮೀಟರ್ ದೂರದಲ್ಲಿ ಕ್ಷೇತ್ರದ ಪ್ರಬಲತೆ ಸರಿಯಾಗಿ 40 ಮೈಕ್ರೊಟೆಸ್ಲಾ, ಅಂದರೆ ನಮ್ಮಲ್ಲಿ ಭೂಮಿಯ ಕ್ಷೇತ್ರಕ್ಕೆ ಹೆಚ್ಚುಕಡಿಮೆ ಸಮ. ಒಂದು ಉತ್ತರಕ್ಕೂ ಇನ್ನೊಂದು ಪಶ್ಚಿಮಕ್ಕೂ ಸಮಬಲದಿಂದ ಎಳೆದಾಗ ಮುಳ್ಳು ಎರಡರ ನಡುವೆ, ವಾಯವ್ಯ ದಿಕ್ಕಿಗೆ ನಿಲ್ಲುತ್ತದೆ. ದೂರ ಎರಡು ಪಟ್ಟಾದರೆ ತಂತಿಯ ಕ್ಷೇತ್ರ ಅರ್ಧಕ್ಕಿಳಿಯುತ್ತದೆ. ಇಡೀ ಭೂಗೋಳದ ಕಾಂತಕ್ಷೇತ್ರಕ್ಕೆ ಒಂದು ಟಾರ್ಚ್ ಸೆಲ್ ಸರಿಸಾಟಿಯಾಗಿ ನಿಲ್ಲಬಲ್ಲದು ಎಂಬುದು ನನಗಂತೂ ಪ್ರತಿ ಸಲವೂ ಬೆರಗು ಹುಟ್ಟಿಸುವ ಸಂಗತಿ.

ಆಮೆಗಿಂತ ನಿಧಾನ, ಆದರೂ ಕಾಂತ

ತಂತಿಯೊಳಗೆ ಚಲಿಸುತ್ತಿರುವುದು ಎಲೆಕ್ಟ್ರಾನ್‌ಗಳು. ಅವುಗಳ ಆವೇಶ ಋಣವಾದ್ದರಿಂದ, ರೂಢಿಯಲ್ಲಿ ನಾವು ಹೇಳುವ ಪ್ರವಾಹದ ದಿಕ್ಕಿಗೆ ಅವು ವಿರುದ್ಧವಾಗಿ ಸಾಗುತ್ತವೆ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ 1 ಆಂಪೇರ್ ಹರಿಯುವಾಗ ಎಲೆಕ್ಟ್ರಾನ್‌ಗಳ ಸರಾಸರಿ ಮುನ್ನಡೆ ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್. ಒಂದು ಮೀಟರ್ ದಾಟಲು ಅವಕ್ಕೆ ನಾಲ್ಕು ಗಂಟೆಯ ಹತ್ತಿರ ಬೇಕು. ಸ್ವಿಚ್ ಒತ್ತಿದ ಕೂಡಲೇ ದೀಪ ಹೊತ್ತುವುದು ಎಲೆಕ್ಟ್ರಾನ್‌ಗಳ ಓಟದಿಂದಲ್ಲ, ತಂತಿಯುದ್ದಕ್ಕೂ ಇರುವ ಎಲೆಕ್ಟ್ರಾನ್‌ಗಳನ್ನೆಲ್ಲ ಬಹುತೇಕ ಒಟ್ಟಿಗೇ ಹೊರಡಿಸುವ ವಿದ್ಯುತ್ ಕ್ಷೇತ್ರ ಅತಿವೇಗವಾಗಿ ಹರಡುವುದರಿಂದ.

ಇಷ್ಟು ನಿಧಾನದ ಚಲನೆಯೂ ದಿಕ್ಸೂಚಿಯನ್ನು ತಿರುಗಿಸಲು ಎರಡು ಕಾರಣಗಳಿವೆ. ಒಂದು, ಎಲೆಕ್ಟ್ರಾನ್‌ಗಳ ಸಂಖ್ಯೆ. ಒಂದು ಘನ ಸೆಂಟಿಮೀಟರ್ ತಾಮ್ರದಲ್ಲಿ ಹೀಗೆ ಚಲಿಸಬಲ್ಲ ಎಲೆಕ್ಟ್ರಾನ್‌ಗಳು 85ರ ಮುಂದೆ 21 ಸೊನ್ನೆ ಬರೆದರೆ ಸಿಗುವಷ್ಟಿವೆ. ಎರಡು, ತಂತಿಯಲ್ಲಿ ಅಷ್ಟೇ ಧನ ಆವೇಶವೂ ಕದಲದೆ ನಿಂತಿದೆ. ಧನ ಮತ್ತು ಋಣ ಆವೇಶಗಳ ವಿದ್ಯುತ್ ಬಲ ಒಂದನ್ನೊಂದು ಅಳಿಸಿಹಾಕುವುದರಿಂದ, ಚಲನೆಯಿಂದ ಹುಟ್ಟಿದ ಸಣ್ಣ ಕಾಂತಬಲವೊಂದೇ ಹೊರಗೆ ಎದ್ದು ಕಾಣುತ್ತದೆ.

ಹಾಗಾದರೆ ಇದು ತಂತಿಯ ಗುಣವೋ ಆವೇಶದ ಚಲನೆಯ ಗುಣವೋ? ಅಮೆರಿಕದ ಹೆನ್ರಿ ರೋಲ್ಯಾಂಡ್ 1876ರಲ್ಲಿ ಬರ್ಲಿನ್ನಿನ ಹೆಲ್ಮ್‌ಹೋಲ್ಟ್ಸ್ ಅವರ ಪ್ರಯೋಗಾಲಯದಲ್ಲಿ ಇದನ್ನು ಪರೀಕ್ಷಿಸಿದರು. ಎಬೊನೈಟ್ ಎಂಬ ಗಟ್ಟಿ ರಬ್ಬರಿನ ತಟ್ಟೆಯೊಂದಕ್ಕೆ ಆವೇಶ ತುಂಬಿ ಅದನ್ನು ವೇಗವಾಗಿ ಸುತ್ತಿಸಿದಾಗ, ಪಕ್ಕದಲ್ಲಿ ನೇತುಹಾಕಿದ್ದ ಸೂಕ್ಷ್ಮ ಕಾಂತಸೂಜಿ ಅಲುಗಿತು. ಅಲ್ಲಿ ಬ್ಯಾಟರಿಯಿಂದ ಹರಿಯುವ ಪ್ರವಾಹವಿರಲಿಲ್ಲ, ಆವೇಶ ಹೊತ್ತ ವಸ್ತುವೇ ಚಲಿಸುತ್ತಿತ್ತು. ಕಾಂತಕ್ಷೇತ್ರಕ್ಕೆ ಬೇಕಾದದ್ದು ಆವೇಶದ ಚಲನೆ ಮಾತ್ರ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಡ.

ಬೀರುವಿನ ಬಾಗಿಲಿಗೆ ಅಂಟಿಸುವ ಕಾಂತದಲ್ಲಿ ಯಾವ ಬ್ಯಾಟರಿಯೂ ಇಲ್ಲವಲ್ಲ ಎಂದು ಕೇಳಬಹುದು. ಅಲ್ಲಿ ಪ್ರತಿಯೊಂದು ಎಲೆಕ್ಟ್ರಾನ್ ತಾನೇ ಒಂದು ಅತಿಸೂಕ್ಷ್ಮ ಕಾಂತದಂತೆ ವರ್ತಿಸುತ್ತದೆ. ಸ್ಪಿನ್ ಎಂದು ಕರೆಯುವ ಈ ಗುಣವನ್ನು ಬುಗುರಿಯ ಸುತ್ತಾಟವೆಂದು ಅಕ್ಷರಶಃ ತಿಳಿಯಬಾರದು. ಕಬ್ಬಿಣದಂತಹ ಲೋಹಗಳಲ್ಲಿ ಕೋಟ್ಯಂತರ ಎಲೆಕ್ಟ್ರಾನ್‌ಗಳ ಈ ಕಾಂತಗುಣ ಒಂದೇ ಕಡೆಗೆ ಸಾಲುಗೂಡಿದಾಗ ಅದು ನಮ್ಮ ಕೈಗೆ ತಿಳಿಯುವಷ್ಟಾಗುತ್ತದೆ. ಭೂಮಿಯ ಕಾಂತಕ್ಷೇತ್ರದ ಮೂಲ ಮಾತ್ರ ಇಂತಹ ಗಟ್ಟಿ ಕಾಂತವಲ್ಲ. ನೆಲದಿಂದ ಸುಮಾರು 2,900 ಕಿ.ಮೀ. ಆಳದಲ್ಲಿ ಆರಂಭವಾಗುವ ಹೊರತಿರುಳಿನಲ್ಲಿ ಕರಗಿದ ಕಬ್ಬಿಣ ನಿರಂತರವಾಗಿ ಹೊರಳಾಡುತ್ತಿದೆ. ಅದರಲ್ಲಿ ಹರಿಯುವ ವಿದ್ಯುತ್ ಪ್ರವಾಹಗಳೇ ನಮ್ಮ ದಿಕ್ಸೂಚಿಗಳನ್ನು ಉತ್ತರಕ್ಕೆ ನಿಲ್ಲಿಸಿರುವುದು.

ಎರಡನೆಯ ನಿಯಮ: ಅಡ್ಡಕ್ಕೆ ತಳ್ಳುವ ಬಲ

ಕಾಂತಕ್ಷೇತ್ರದೊಳಗೆ ಆವೇಶವೊಂದು ಹೊಕ್ಕರೆ ಅದಕ್ಕೆ ಏನಾಗುತ್ತದೆ ಎಂಬುದನ್ನು ಡಚ್ ವಿಜ್ಞಾನಿ ಹೆಂಡ್ರಿಕ್ ಲೊರೆಂಟ್ಸ್ 1890ರ ದಶಕದಲ್ಲಿ ಈಗ ನಾವು ಬಳಸುವ ರೂಪದಲ್ಲಿ ಬರೆದರು. ಅದಕ್ಕೆ ಲೊರೆಂಟ್ಸ್ ಬಲವೆಂದೇ ಹೆಸರು. ಆವೇಶ ಹೆಚ್ಚಿದಷ್ಟೂ, ವೇಗ ಹೆಚ್ಚಿದಷ್ಟೂ, ಕ್ಷೇತ್ರ ಪ್ರಬಲವಾದಷ್ಟೂ ಈ ಬಲ ಹೆಚ್ಚುತ್ತದೆ. ಇಲ್ಲಿಯವರೆಗೆ ಅಚ್ಚರಿಯೇನೂ ಇಲ್ಲ. ಅಚ್ಚರಿ ಇರುವುದು ಅದರ ದಿಕ್ಕಿನಲ್ಲಿ. ಬಲಗೈಯನ್ನು ಚಪ್ಪಟೆಯಾಗಿ ಚಾಚಿ, ನಾಲ್ಕು ಬೆರಳುಗಳನ್ನು ಕ್ಷೇತ್ರದ ದಿಕ್ಕಿಗೂ ಹೆಬ್ಬೆರಳನ್ನು ಧನ ಆವೇಶ ಚಲಿಸುವ ದಿಕ್ಕಿಗೂ ಹಿಡಿದರೆ, ಅಂಗೈ ಯಾವ ಕಡೆಗೆ ತಳ್ಳುತ್ತದೋ ಆ ಕಡೆಗೆ ಬಲ. ಋಣ ಆವೇಶವಾದರೆ ಅದರ ವಿರುದ್ಧ ದಿಕ್ಕಿಗೆ. ಅಂದರೆ ಬಲ ಯಾವಾಗಲೂ ಚಲನೆಗೂ ಅಡ್ಡ, ಕ್ಷೇತ್ರಕ್ಕೂ ಅಡ್ಡ.

ಒಕ್ಕಣೆಯ ಕಣವನ್ನು ಕಂಡವರಿಗೆ ಇದರ ಪರಿಣಾಮ ಸುಲಭವಾಗಿ ಹೊಳೆಯುತ್ತದೆ. ಕಣದ ನಡುವೆ ಮೇಟಿ ನೆಟ್ಟು, ಹಗ್ಗದಿಂದ ಅದಕ್ಕೆ ಕಟ್ಟಿದ ಎತ್ತುಗಳನ್ನು ತೆನೆಗಳ ಮೇಲೆ ಸುತ್ತಿಸುತ್ತಿದ್ದರು. ಎತ್ತು ಮುಂದೆ ಹೆಜ್ಜೆ ಹಾಕುವುದು ತನ್ನ ಕಸುವಿನಿಂದ. ಹಗ್ಗ ಅದನ್ನು ಮುಂದಕ್ಕೆ ಎಳೆಯುವುದೂ ಇಲ್ಲ, ಹಿಂದಕ್ಕೆ ಜಗ್ಗುವುದೂ ಇಲ್ಲ, ಮೇಟಿಯ ಕಡೆಗೆ ಬಿಗಿಹಿಡಿಯುತ್ತದೆ. ಆ ಬಿಗಿತದಿಂದಾಗಿಯೇ ನೇರ ಹೋಗಬೇಕಾಗಿದ್ದ ಎತ್ತಿನ ದಾರಿ ವೃತ್ತವಾಗಿ ಬಾಗುತ್ತದೆ. ಕಾಂತಬಲ ಆವೇಶಕ್ಕೆ ಮಾಡುವುದೂ ಇದನ್ನೇ. ಅದು ಆವೇಶ ಹೊತ್ತ ಸೂಕ್ಷ್ಮ ಕಣದ ವೇಗವನ್ನು ಕೂಡಿಸುವುದಿಲ್ಲ, ಕಳೆಯುವುದಿಲ್ಲ, ದಾರಿಯನ್ನು ಬಾಗಿಸುತ್ತದೆ. ಒಂದು ಮುಖ್ಯ ವ್ಯತ್ಯಾಸವೆಂದರೆ ಇಲ್ಲಿ ಮೇಟಿಯೂ ಇಲ್ಲ, ಹಗ್ಗವೂ ಇಲ್ಲ. ಕಣ ಎಲ್ಲಿದ್ದರೆ ಅಲ್ಲೇ, ಅದು ಚಲಿಸುತ್ತಿರುವ ಕಾರಣಕ್ಕೇ ಈ ಬಲ ಹುಟ್ಟುತ್ತದೆ, ಕಣ ನಿಂತರೆ ಬಲವೂ ಇಲ್ಲವಾಗುತ್ತದೆ.

ಇನ್ನೊಂದು ಸಂಗತಿಯನ್ನು ಇಲ್ಲಿ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಕಣ ಕ್ಷೇತ್ರದ ದಿಕ್ಕಿನಲ್ಲೇ, ಅದರ ಜೊತೆಜೊತೆಗೇ ಸಾಗಿದರೆ ಅದರ ಮೇಲೆ ಯಾವ ಕಾಂತಬಲವೂ ಬೀಳುವುದಿಲ್ಲ. ಪೂರ್ತಿ ಅಡ್ಡವಾಗಿ ಸಾಗಿದರೆ ಬಲ ಗರಿಷ್ಠ. ಓರೆಯಾಗಿ ಹೊಕ್ಕರೆ ಸುತ್ತುವಿಕೆ ಮತ್ತು ಮುನ್ನಡೆ ಎರಡೂ ಕೂಡಿ ಕಣದ ದಾರಿ ಸ್ಪ್ರಿಂಗಿನಂತೆ ಸುರುಳಿಯಾಗುತ್ತದೆ. ಸೌರ ಬಿರುಗಾಳಿಯ ಕತೆಯ ಅರ್ಧ ಭಾಗ ಈ ಒಂದು ಪ್ಯಾರಾದಲ್ಲಿದೆ.

ಕಾಂತಬಲ ವೇಗವನ್ನು ಕೂಡಿಸುವುದಿಲ್ಲವಾದರೆ ಫ್ಯಾನ್, ಮಿಕ್ಸಿ, ವಿದ್ಯುತ್ ಸ್ಕೂಟರುಗಳ ಮೋಟಾರು ತಿರುಗುವುದು ಹೇಗೆ ಎಂಬ ಸಂದೇಹ ಬರಬಹುದು. ಮೋಟಾರಿನೊಳಗೆ ಪ್ರವಾಹ ಹರಿಯುವ ತಂತಿ ಕಾಂತಕ್ಷೇತ್ರದಲ್ಲಿದೆ. ತಂತಿಯುದ್ದಕ್ಕೂ ಸಾಗುವ ಎಲೆಕ್ಟ್ರಾನ್‌ಗಳನ್ನು ಕ್ಷೇತ್ರ ಅಡ್ಡಕ್ಕೆ ತಳ್ಳಿದಾಗ ಅವು ತಂತಿಯನ್ನೇ ತಮ್ಮೊಡನೆ ತಳ್ಳುತ್ತವೆ. ಹಾಗೆ ತಿರುಗಲು ಬೇಕಾದ ಶಕ್ತಿಯನ್ನು ಪ್ರವಾಹ ಹರಿಸುತ್ತಿರುವ ಬ್ಯಾಟರಿ ಅಥವಾ ವಿದ್ಯುತ್ ಸರಬರಾಜು ಕೊಡುತ್ತದೆ, ಕಾಂತಕ್ಷೇತ್ರ ಆ ಶಕ್ತಿಯ ದಿಕ್ಕನ್ನು ಬದಲಿಸುತ್ತದೆ. ಕರೆಂಟಿನ ಬಿಲ್ಲು ಬರುವುದು ಪ್ರವಾಹಕ್ಕೇ ಹೊರತು ಕಾಂತಕ್ಕಲ್ಲ.

ಸೂರ್ಯನಿಂದ ಬರುವ ಆವೇಶಗಳು

ಸೂರ್ಯನ ಹೊರವಲಯದಿಂದ ಎಲೆಕ್ಟ್ರಾನ್ ಮತ್ತು ಪ್ರೋಟಾನ್‌ಗಳು ಎಲ್ಲ ದಿಕ್ಕುಗಳಿಗೂ ಸದಾ ಹರಿದುಬರುತ್ತಿರುತ್ತವೆ. ಇದಕ್ಕೆ ಸೌರ ಮಾರುತ ಎಂದು ಹೆಸರು. ಸಾಮಾನ್ಯ ದಿನಗಳಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 400 ಕಿ.ಮೀ. ಕೆಲವೊಮ್ಮೆ ಸೂರ್ಯನ ಮೇಲಿನ ಕಾಂತಕ್ಷೇತ್ರ ಬಿಗಿಯಾಗಿ ತಿರುಚಿಕೊಂಡು ಸಿಡಿದಾಗ, ಕೋಟ್ಯಂತರ ಟನ್‌ಗಳಷ್ಟು ಆವೇಶಭರಿತ ಅನಿಲ ತನ್ನೊಳಗೆ ಕಾಂತಕ್ಷೇತ್ರವನ್ನೂ ಹೊತ್ತು ಇನ್ನೂ ಹೆಚ್ಚಿನ ವೇಗದಲ್ಲಿ ಹೊರಚಿಮ್ಮುತ್ತದೆ. 2024ರ ಮೇ ಎರಡನೇ ವಾರದಲ್ಲಿ ಸೂರ್ಯನ ಮೇಲಿನ ಕಪ್ಪು ಕಲೆಗಳ (ಸೌರಕಲೆಗಳ) ಒಂದೇ ಗುಂಪಿನಿಂದ ಇಂತಹ ಹಲವು ಸ್ಫೋಟಗಳು ಒಂದರ ಹಿಂದೊಂದು ಹೊರಟು ಭೂಮಿಯನ್ನು ತಲುಪಿದವು. ಐದು ಹಂತಗಳ ಮಾಪಕದಲ್ಲಿ ಅದು ಐದನೆಯ ಹಂತದ ಬಿರುಗಾಳಿಯೆಂದು ದಾಖಲಾಯಿತು. ಅಷ್ಟು ಪ್ರಬಲವಾದದ್ದು 2003ರ ಅಕ್ಟೋಬರಿನ ನಂತರ ಬಂದಿರಲಿಲ್ಲ.

ಈ ಕಣಗಳು ಭೂಮಿಯ ಕಾಂತಕ್ಷೇತ್ರದ ಅಂಚನ್ನು ಮುಟ್ಟುವುದು, ಸೂರ್ಯನ ಕಡೆಗೆ, ಸಾಮಾನ್ಯವಾಗಿ 60 ಸಾವಿರ ಕಿ.ಮೀ.ಗೂ ಹೆಚ್ಚು ದೂರದಲ್ಲಿ. ಅಲ್ಲಿ ಕ್ಷೇತ್ರ ಕೆಲವು ಹತ್ತು ನ್ಯಾನೊಟೆಸ್ಲಾಗಳಷ್ಟು ಕ್ಷೀಣ. ಆದರೂ ಸೆಕೆಂಡಿಗೆ 400 ಕಿ.ಮೀ. ವೇಗದ ಪ್ರೋಟಾನ್ 50 ನ್ಯಾನೊಟೆಸ್ಲಾ ಕ್ಷೇತ್ರಕ್ಕೆ ಅಡ್ಡವಾಗಿ ನುಗ್ಗಿದರೆ, ಲೊರೆಂಟ್ಸ್ ಬಲದ ಲೆಕ್ಕದಂತೆ, ಅದು ಸುಮಾರು 80 ಕಿ.ಮೀ. ತ್ರಿಜ್ಯದ ವೃತ್ತದಲ್ಲಿ ಬಾಗಿ ಹಿಂದಿರುಗುತ್ತದೆ. ಸಾವಿರಾರು ಕಿ.ಮೀ. ಹರಡಿರುವ ಕ್ಷೇತ್ರದ ಮುಂದೆ ಇದು ಏನೇನೂ ಅಲ್ಲ. ಪ್ರೋಟಾನ್ ಒಂದು ಕಡೆಗೆ, ಎಲೆಕ್ಟ್ರಾನ್ ಇನ್ನೊಂದು ಕಡೆಗೆ ಬಾಗುವುದರಿಂದ ಆ ಅಂಚಿನ ಉದ್ದಕ್ಕೂ ಒಂದು ವಿದ್ಯುತ್ ಪ್ರವಾಹ ಏರ್ಪಡುತ್ತದೆ. ಪ್ರವಾಹವಿದ್ದಲ್ಲಿ ಮೊದಲ ನಿಯಮದಂತೆ ಹೊಸ ಕಾಂತಕ್ಷೇತ್ರವೂ ಹುಟ್ಟಬೇಕು. ಅದು ಹೊರಗಡೆ ಭೂಮಿಯ ಕ್ಷೇತ್ರವನ್ನು ಅಳಿಸುತ್ತದೆ, ಒಳಗಡೆ ಅದನ್ನು ಬಲಪಡಿಸುತ್ತದೆ. ವಿಜ್ಞಾನಿಗಳಾದ ಸಿಡ್ನಿ ಚಾಪ್ಮನ್ ಮತ್ತು ವಿನ್ಸೆಂಟ್ ಫೆರಾರೊ 1930ರ ದಶಕದ ಆರಂಭದಲ್ಲಿ ಇದನ್ನು ಕಾಗದದ ಮೇಲೆ ಲೆಕ್ಕಹಾಕಿದ್ದರು, ಉಪಗ್ರಹಗಳು ಅದನ್ನು ಖಚಿತಪಡಿಸಿದ್ದು ದಶಕಗಳ ನಂತರ. ಭೂಮಿಯ ಸುತ್ತಲಿನ ಈ ರಕ್ಷಿತ ವಲಯವೇ ಕಾಂತಗೋಳ.

ಈ ತಡೆ ಎಲ್ಲ ಹೊತ್ತಿನಲ್ಲೂ ಒಂದೇ ಸಮನಾಗಿರುವುದಿಲ್ಲ. ಸೌರ ಮಾರುತ ಹೊತ್ತು ತರುವ ಕಾಂತಕ್ಷೇತ್ರ ದಕ್ಷಿಣಾಭಿಮುಖವಾಗಿದ್ದರೆ, ಅಂಚಿನಲ್ಲಿ ಉತ್ತರಾಭಿಮುಖವಾಗಿರುವ ಭೂಮಿಯ ಕ್ಷೇತ್ರದೊಡನೆ ಅದು ಬೆಸೆದುಕೊಳ್ಳುತ್ತದೆ, ಸೌರ ಮಾರುತದ ಶಕ್ತಿ ಒಳಕ್ಕೆ ಹರಿಯಲು ದಾರಿಯಾಗುತ್ತದೆ. ಒಳಬಂದ ಮತ್ತು ಒಳಗೇ ಇದ್ದ ಕಣಗಳಿಗೆ ವೇಗ ಕೊಡುವುದು ಆಗ ಉಂಟಾಗುವ ವಿದ್ಯುತ್ ಕ್ಷೇತ್ರ, ಅವುಗಳ ದಾರಿಯನ್ನು ನಿರ್ಧರಿಸುವುದು ಕಾಂತಕ್ಷೇತ್ರ.

ಧ್ರುವಗಳ ಬಳಿ ಏಕೆ, ನಮ್ಮಲ್ಲಿ ಏಕಿಲ್ಲ

ಕಾಂತಧ್ರುವಗಳ ಬಳಿ ಭೂಮಿಯ ಕ್ಷೇತ್ರ ನೆಲಕ್ಕೆ ಹೆಚ್ಚುಕಡಿಮೆ ಲಂಬವಾಗಿರುತ್ತದೆ. ಕ್ಷೇತ್ರದ ಜೊತೆಜೊತೆಗೇ ಸಾಗುವ ಕಣದ ಮೇಲೆ ಕಾಂತಬಲವಿಲ್ಲವಾದ್ದರಿಂದ, ಎಲೆಕ್ಟ್ರಾನ್‌ಗಳು ಕೆಲವೇ ಮೀಟರ್ ಅಗಲದ ಸುರುಳಿಗಳಲ್ಲಿ ಸುತ್ತುತ್ತ ಅಲ್ಲಿ ವಾತಾವರಣದವರೆಗೂ ಇಳಿದುಬರುತ್ತವೆ. ದಕ್ಷಿಣ ಭಾರತದಲ್ಲಿ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಕಾಂತೀಯ ಸಮಭಾಜಕ ವೃತ್ತ ಹಾದುಹೋಗುವುದು ತಮಿಳುನಾಡಿನ ತಿರುನೆಲ್ವೇಲಿಯ ಆಸುಪಾಸಿನಲ್ಲಿ. ಅಲ್ಲೂ ಕರ್ನಾಟಕದಲ್ಲೂ ಕ್ಷೇತ್ರ ಬಹುತೇಕ ನೆಲಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಮಲಗಿದೆ. ಮೇಲಿನಿಂದ ಇಳಿಯಲು ಬಯಸುವ ಕಣ ಅದನ್ನು ಅಡ್ಡವಾಗಿ ದಾಟಬೇಕಾಗುತ್ತದೆ, ಬಲ ಗರಿಷ್ಠವಾಗಿರುವುದು ಆಗಲೇ. ಧ್ರುವಪ್ರಭೆ ಬೆಂಗಳೂರಿನ ನೆತ್ತಿಯ ಮೇಲೆ ಮೂಡದಿರುವುದಕ್ಕೆ ಕಾರಣ ಇಷ್ಟೇ.

ಇಳಿದುಬಂದ ಎಲೆಕ್ಟ್ರಾನ್‌ಗಳು ಆಮ್ಲಜನಕದ ಪರಮಾಣುಗಳಿಗೆ ಡಿಕ್ಕಿ ಹೊಡೆದಾಗ, ಅವು ಪಡೆದ ಶಕ್ತಿಯನ್ನು ಬೆಳಕಾಗಿ ಹೊರಬಿಡುತ್ತವೆ. ಸುಮಾರು 100ರಿಂದ 150 ಕಿ.ಮೀ. ಎತ್ತರದಲ್ಲಿ ಈ ಬೆಳಕು ಹಸಿರು. 200 ಕಿ.ಮೀ.ಗಿಂತ ಮೇಲೆ ಕೆಂಪು. ಕೆಂಪು ಬೆಳಕನ್ನು ಹೊರಬಿಡಲು ಪರಮಾಣುವಿಗೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು, ಆ ಅವಧಿಯಲ್ಲಿ ಅದು ಬೇರೆ ಕಣಕ್ಕೆ ತಾಗಿದರೆ ಶಕ್ತಿ ಅಲ್ಲೇ ಸೋರಿಹೋಗುತ್ತದೆ. ಹೀಗಾಗಿ ಗಾಳಿ ಅತ್ಯಂತ ವಿರಳವಾಗಿರುವ ಎತ್ತರದಲ್ಲಷ್ಟೇ ಕೆಂಪು ಕಾಣುತ್ತದೆ. ಬಿರುಗಾಳಿ ಜೋರಾದಾಗ ಪ್ರಭೆಯ ವಲಯ ಧ್ರುವಗಳಿಂದ ಸಮಭಾಜಕದ ಕಡೆಗೆ ಹಿಗ್ಗುತ್ತದೆ. ಹಾನ್ಲೆಯವರೆಗೆ ಅದು ಬರಬೇಕಾಗಿಲ್ಲ. ದೂರದ ಉತ್ತರದಲ್ಲಿ ಮೂಡಿದ ಪ್ರಭೆಯ ಹಸಿರು ಭಾಗ ಭೂಮಿಯ ಬಾಗಿದ ಮೈಯ ಹಿಂದೆ ಮರೆಯಾಗಿ, ಎತ್ತರದ ಕೆಂಪು ಭಾಗ ಮಾತ್ರ ದಿಗಂತದ ಮೇಲೆ ಕಾಣಿಸುತ್ತದೆ.

ಕೊಲಾಬಾದ ಅಂಕಿಗಳು

ಬಿರುಗಾಳಿ ಎಷ್ಟು ಪ್ರಬಲವೆಂದು ಅಳೆಯುವುದು ಆಕಾಶದ ಬಣ್ಣದಿಂದಲ್ಲ, ನೆಲದ ಮೇಲಿನ ಕಾಂತಕ್ಷೇತ್ರ ಎಷ್ಟು ಕುಗ್ಗಿತು ಎಂಬುದರಿಂದ. ಕುಗ್ಗುವುದೇಕೆ ಎಂಬುದಕ್ಕೆ ನಮ್ಮ ಎರಡೂ ನಿಯಮಗಳು ಕೂಡಿ ಉತ್ತರ ಕೊಡುತ್ತವೆ. ಕಾಂತಗೋಳದಲ್ಲಿ ಸಿಕ್ಕಿಬಿದ್ದ ಕಣಗಳು ಸುರುಳಿ ಸುತ್ತುವಾಗ, ಭೂಮಿಯ ಕಡೆಗಿನ ಬದಿಯಲ್ಲಿ ಕ್ಷೇತ್ರ ಪ್ರಬಲವಾಗಿರುವುದರಿಂದ ಅಲ್ಲಿ ಹೆಚ್ಚು ಬಾಗುತ್ತವೆ, ಆಚೆ ಬದಿಯಲ್ಲಿ ಕಡಿಮೆ. ಸುತ್ತು ಪೂರ್ಣವಾಗದೆ ಪ್ರತಿ ಸಲ ಸ್ವಲ್ಪ ಪಕ್ಕಕ್ಕೆ ಜಾರುತ್ತದೆ. ಹೀಗೆ ಧನ ಆವೇಶದ ಕಣಗಳು ಪಶ್ಚಿಮಕ್ಕೂ ಎಲೆಕ್ಟ್ರಾನ್‌ಗಳು ಪೂರ್ವಕ್ಕೂ ಸರಿಯುತ್ತವೆ. ಎರಡರಿಂದಲೂ ಆಗುವುದು ಪಶ್ಚಿಮದ ಕಡೆಗೆ ಹರಿಯುವ ಪ್ರವಾಹವೇ. ಸಾವಿರಾರು ಕಿ.ಮೀ. ಎತ್ತರದಲ್ಲಿ ಭೂಮಿಯನ್ನು ಬಳಸಿ ಹರಿಯುವ ಇದನ್ನು ವರ್ತುಲ ಪ್ರವಾಹ ಎನ್ನಬಹುದು. ಬಲಗೈಯ ಬೆರಳುಗಳನ್ನು ಪಶ್ಚಿಮಕ್ಕೆ ಸುತ್ತಿಸಿದರೆ ಹೆಬ್ಬೆರಳು ದಕ್ಷಿಣಕ್ಕೆ ಚಾಚುತ್ತದೆ. ಭೂಮಿಯ ಕ್ಷೇತ್ರ ನೆಲದ ಮೇಲೆ ಉತ್ತರಕ್ಕಿರುವುದರಿಂದ ಅದು ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಮುಂಬೈನ ಕೊಲಾಬಾ ವೀಕ್ಷಣಾಲಯದಲ್ಲಿ 19ನೇ ಶತಮಾನದ ನಡುವಿನಿಂದಲೇ ಭೂಮಿಯ ಕಾಂತಕ್ಷೇತ್ರವನ್ನು ಉಪಕರಣಗಳಲ್ಲಿ ಕಣ್ಣಿನಿಂದಲೇ ಓದಿ, ಕೈಯಿಂದ ಬರೆದಿಡುತ್ತಿದ್ದರು. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ಖಗೋಳ ವೀಕ್ಷಕ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಕಲೆಗಳ ಗುಂಪಿನ ಮೇಲೆ ಹಠಾತ್ತಾಗಿ ಬಿಳಿ ಬೆಳಕು ಮಿನುಗಿದ್ದನ್ನು ಕಂಡರು. ಸುಮಾರು ಹದಿನೇಳೂವರೆ ಗಂಟೆಗಳಲ್ಲಿ ಬಿರುಗಾಳಿ ಭೂಮಿಯನ್ನು ಮುಟ್ಟಿತು. ಕೊಲಾಬಾದ ಪುಸ್ತಕದಲ್ಲಿ ಕ್ಷೇತ್ರದ ಸಮತಲ ಭಾಗ, ಅಂದರೆ ನೆಲಕ್ಕೆ ಸಮಾನಾಂತರವಾದ ಭಾಗ, ಸುಮಾರು 1,600 ನ್ಯಾನೊಟೆಸ್ಲಾ ಕುಸಿದದ್ದು ದಾಖಲಾಗಿದೆ. ಬೇರೆ ಕೆಲವು ವೀಕ್ಷಣಾಲಯಗಳ ಉಪಕರಣಗಳು ಅಳತೆಯ ಮಿತಿ ಮೀರಿ ನಿರುಪಯುಕ್ತವಾಗಿದ್ದ ಹೊತ್ತಿನಲ್ಲಿ, ಇಲ್ಲಿ ಯಾರೋ ದೀಪದ ಬೆಳಕಿನಲ್ಲಿ ಇಲ್ಲವೇ ಹಗಲಿನಲ್ಲಿ ಬಿಡದೆ ಬರೆದಿಟ್ಟ ಅಂಕಿಗಳು ಇಂದಿಗೂ ಆ ಬಿರುಗಾಳಿಯ ಅತ್ಯಮೂಲ್ಯ ದಾಖಲೆಯಾಗಿವೆ. ಭಾರತದ ವಿಜ್ಞಾನಿಗಳೂ ಇದ್ದ ತಂಡವೊಂದು 2003ರಲ್ಲಿ ಅವನ್ನು ವಿಶ್ಲೇಷಿಸಿ ಪ್ರಕಟಿಸಿತು. ಹೋಲಿಕೆಗೆ, 2024ರ ಮೇ ಬಿರುಗಾಳಿಯಲ್ಲಿ ಜಗತ್ತಿನ ಹಲವು ಕೇಂದ್ರಗಳ ಸರಾಸರಿ ಕುಸಿತ ಸುಮಾರು 400 ನ್ಯಾನೊಟೆಸ್ಲಾ, ನಮ್ಮಲ್ಲಿನ ಕ್ಷೇತ್ರದ ಶೇಕಡಾ ಒಂದರಷ್ಟು. ಮನೆಯ ದಿಕ್ಸೂಚಿಗೆ ಇದು ತಿಳಿಯುವುದಿಲ್ಲ.

ಕೊಲಾಬಾದ ವೀಕ್ಷಣೆ ಅಲ್ಲಿಂದ ಎತ್ತಂಗಡಿಯಾದದ್ದಕ್ಕೂ ಕಾರಣ ಚಲಿಸುವ ಆವೇಶಗಳೇ. ಮುಂಬೈಯಲ್ಲಿ ವಿದ್ಯುತ್ ಟ್ರಾಮ್ ಓಡಿಸುವ ಯೋಜನೆ ಸಿದ್ಧವಾದಾಗ, ಹಳಿ ಮತ್ತು ತಂತಿಗಳ ಪ್ರವಾಹದಿಂದ ಹುಟ್ಟುವ ಕಾಂತಕ್ಷೇತ್ರ ಸೂಕ್ಷ್ಮ ಅಳತೆಗಳನ್ನು ಕೆಡಿಸುತ್ತದೆ ಎಂದು ಅರಿತು, 1904ರಲ್ಲಿ ಅಲಿಬಾಗ್‌ನಲ್ಲಿ ಹೊಸ ಕೇಂದ್ರವನ್ನು ಆರಂಭಿಸಿದರು.

ವಿದ್ಯುತ್ ಜಾಲಕ್ಕೆ, ಮೊಬೈಲಿಗೆ ಏನಾಗುತ್ತದೆ

ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಅಲ್ಲಿ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ ಎಂದು ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡರು. ಬಿರುಗಾಳಿಯ ಹೊತ್ತಿನಲ್ಲಿ ಧ್ರುವಪ್ರಭೆಯ ವಲಯದ ಮೇಲೆ ಹರಿಯುವ ಭಾರೀ ಪ್ರವಾಹಗಳು ನಿಮಿಷನಿಮಿಷಕ್ಕೂ ಏರಿಳಿಯುವುದರಿಂದ ನೆಲದಲ್ಲಿ ಇಂತಹ ವಿದ್ಯುತ್ ಕ್ಷೇತ್ರ ಉಂಟಾಗುತ್ತದೆ. ಒಂದು ಕಿ.ಮೀ.ಗೆ ಅದು ಅಲ್ಪ. ನೂರಾರು ಕಿ.ಮೀ. ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಮಾತ್ರ ಸೇರಿ ದೊಡ್ಡದಾಗಿ, ಟ್ರಾನ್ಸ್‌ಫಾರ್ಮರುಗಳೊಳಗೆ ಅವುಗಳಿಗೆ ಒಗ್ಗದ ನೇರ ಪ್ರವಾಹವನ್ನು ನುಗ್ಗಿಸುತ್ತದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲ ಹೀಗೆ ಎರಡು ನಿಮಿಷದೊಳಗೆ ಕುಸಿದು, ಸುಮಾರು 60 ಲಕ್ಷ ಜನ ಒಂಬತ್ತು ಗಂಟೆಗಳ ಕಾಲ ಕತ್ತಲಲ್ಲಿ ಉಳಿದರು. ಅಲ್ಲಿನ ಗಟ್ಟಿ ಬಂಡೆಯ ನೆಲ ಪ್ರವಾಹವನ್ನು ಸುಲಭವಾಗಿ ಒಯ್ಯದೆ ತಂತಿಗಳಿಗೇ ತಳ್ಳಿದ್ದು ತೊಂದರೆಯನ್ನು ಹೆಚ್ಚಿಸಿತು.

ಭಾರತ ಆ ವಲಯದಿಂದ ಬಹುದೂರವಿರುವುದರಿಂದ ಇಲ್ಲಿನ ಜಾಲಕ್ಕೆ ಅಪಾಯ ತೀರ ಕಡಿಮೆ. ಮೊಬೈಲನ್ನು ಆಫ್ ಮಾಡಿಡಬೇಕು, ಮನೆಯಿಂದ ಹೊರಬರಬಾರದು ಎಂಬ ಸಂದೇಶಗಳಿಗೆ ಆಧಾರವಿಲ್ಲ, ಏಕೆಂದರೆ ನೆಲದ ಮೇಲಿರುವವರನ್ನು ಕಾಂತಕ್ಷೇತ್ರದ ಜೊತೆಗೆ ದಟ್ಟ ವಾತಾವರಣವೂ ಕಾಯುತ್ತದೆ. ವ್ಯತ್ಯಯವಾಗಬಹುದಾದದ್ದು ಜಿಪಿಎಸ್ ಮತ್ತು ದೂರದ ರೇಡಿಯೊ ಸಂಪರ್ಕ. ಉಪಗ್ರಹದ ಸಂಕೇತಗಳು ದಾಟಿ ಬರಬೇಕಾದ ಆವೇಶಭರಿತ ಗಾಳಿಯ ಪದರ ಬಿರುಗಾಳಿಯಲ್ಲಿ ಕದಡಿಹೋಗುತ್ತದೆ. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಜಿಪಿಎಸ್ ನೆಚ್ಚಿಕೊಂಡ ಟ್ರ್ಯಾಕ್ಟರುಗಳ ಬಿತ್ತನೆಗೆ ಅಡ್ಡಿಯಾದದ್ದು ಇದೇ ಕಾರಣಕ್ಕೆ.

ಆದಿತ್ಯ ಚಾಚಿದ ಕೈ

ಬಿರುಗಾಳಿಯ ಮುನ್ಸೂಚನೆಗೆ ಅತಿ ಮುಖ್ಯವಾದ ಪ್ರಶ್ನೆ, ಬರುತ್ತಿರುವ ಕಾಂತಕ್ಷೇತ್ರ ಉತ್ತರಕ್ಕಿದೆಯೇ ದಕ್ಷಿಣಕ್ಕಿದೆಯೇ ಎಂಬುದು. ಅದನ್ನು ತಿಳಿಯಲು ಕ್ಷೇತ್ರವನ್ನು ಅದು ಬರುವ ದಾರಿಯಲ್ಲೇ ಅಳೆಯಬೇಕು. 2023ರ ಸೆಪ್ಟೆಂಬರ್ 2ರಂದು ಉಡಾವಣೆಗೊಂಡು, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ ತನ್ನ ನೆಲೆ ತಲುಪಿದ ಇಸ್ರೋದ ಆದಿತ್ಯ-ಎಲ್1 ಮಾಡುತ್ತಿರುವ ಹಲವು ಕೆಲಸಗಳಲ್ಲಿ ಇದೂ ಒಂದು. ಸಾಮಾನ್ಯ ಸೌರ ಮಾರುತ ಅಲ್ಲಿಂದ ಭೂಮಿಗೆ ಬರಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಅಷ್ಟು ಮುಂಚಿತವಾಗಿ ಎಚ್ಚರಿಕೆ ಸಿಗಬಲ್ಲದು.

ಅಲ್ಲಿ ಅಳೆಯಬೇಕಾದ ಕ್ಷೇತ್ರ ಕೆಲವೇ ನ್ಯಾನೊಟೆಸ್ಲಾ. ನೌಕೆಯ ಒಳಗಿನ ತಂತಿಗಳಲ್ಲಿ ಹರಿಯುವ ಪ್ರವಾಹವೇ ಮೊದಲ ನಿಯಮದಂತೆ ಅದಕ್ಕಿಂತ ಎಷ್ಟೋ ಪಾಲು ದೊಡ್ಡ ಕ್ಷೇತ್ರವನ್ನು ಉಂಟುಮಾಡಬಲ್ಲದು. ಆದ್ದರಿಂದ ನೌಕೆಯಿಂದ ಆರು ಮೀಟರ್ ಉದ್ದದ ತೋಳೊಂದನ್ನು ಹೊರಗೆ ಚಾಚಿ, ಅದರ ತುದಿಯಲ್ಲಿ ಒಂದು, ನಡುವೆ ಇನ್ನೊಂದು ಕಾಂತಮಾಪಕವನ್ನು ಅಳವಡಿಸಿದ್ದಾರೆ. ಇವನ್ನು ತಯಾರಿಸಿದ್ದು ಬೆಂಗಳೂರಿನಲ್ಲಿರುವ ಇಸ್ರೋದ ಎಲೆಕ್ಟ್ರೊ ಆಪ್ಟಿಕ್ಸ್ ಪ್ರಯೋಗಾಲಯ. ನೌಕೆಯ ಕ್ಷೇತ್ರ ದೂರ ಹೋದಂತೆ ಬೇಗನೆ ಕುಗ್ಗುತ್ತದೆ, ಸೌರ ಮಾರುತದ ಕ್ಷೇತ್ರ ಎರಡೂ ಮಾಪಕಗಳ ಬಳಿ ಒಂದೇ ಸಮನಾಗಿರುತ್ತದೆ. ಎರಡು ಓದುಗಳ ವ್ಯತ್ಯಾಸದಿಂದ ನೌಕೆಯ ಪಾಲನ್ನು ಬೇರ್ಪಡಿಸಿ ತೆಗೆಯಬಹುದು.

ದಕ್ಷಿಣ ಭಾರತದ ಮೇಲಿನ ಪ್ರವಾಹ

ಧ್ರುವಪ್ರಭೆ ನಮಗೆ ಕಾಣದಿದ್ದರೂ, ಕಾಂತೀಯ ಸಮಭಾಜಕದ ನೆರೆಯಲ್ಲಿರುವ ನಮ್ಮ ನಾಡಿನ ದಕ್ಷಿಣದ ಆಕಾಶಕ್ಕೆ ಅದರದೇ ಆದ ವಿಶೇಷವಿದೆ. ಸುಮಾರು 105 ಕಿ.ಮೀ. ಎತ್ತರದಲ್ಲಿ, ಸೂರ್ಯನ ಬೆಳಕಿನಿಂದ ಆವೇಶಗೊಂಡ ಗಾಳಿಯಲ್ಲಿ, ಸಮಭಾಜಕವನ್ನು ಅನುಸರಿಸಿ ಹಗಲು ಹೊತ್ತಿನಲ್ಲಿ ಒಂದು ಕಿರಿದಾದ ಪಟ್ಟಿಯಂತೆ ಪೂರ್ವದ ಕಡೆಗೆ ವಿದ್ಯುತ್ ಪ್ರವಾಹ ಹರಿಯುತ್ತದೆ. ಇದು ಬಿರುಗಾಳಿಯ ಕೂಸಲ್ಲ, ಶಾಂತ ದಿನಗಳಲ್ಲೂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಲ್ಲಿ ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾನಾಂತರವಾಗಿ ಮಲಗಿರುವುದೇ ಈ ಪ್ರವಾಹ ಅಷ್ಟು ಪ್ರಬಲವಾಗಲು ಕಾರಣ. ತಲೆಯ ಮೇಲಿನ ಪೂರ್ವಾಭಿಮುಖ ಪ್ರವಾಹ ಕೆಳಗೆ ನೆಲದ ಮೇಲೆ ಉತ್ತರಾಭಿಮುಖ ಕ್ಷೇತ್ರವನ್ನು ಉಂಟುಮಾಡುವುದರಿಂದ, ಮಧ್ಯಾಹ್ನದ ಸುಮಾರಿಗೆ ತಿರುನೆಲ್ವೇಲಿಯಲ್ಲಿ ಕ್ಷೇತ್ರದ ಸಮತಲ ಭಾಗ ಕೆಲವು ಹತ್ತು ನ್ಯಾನೊಟೆಸ್ಲಾಗಳಷ್ಟು ಏರುತ್ತದೆ. ಆ ಪಟ್ಟಿಯಿಂದ ದೂರವಿರುವ ಅಲಿಬಾಗ್‌ನಲ್ಲಿ ಈ ಏರಿಕೆ ಇರುವುದಿಲ್ಲ. ತಿರುನೆಲ್ವೇಲಿಯ ಓದಿನಿಂದ ಅಲಿಬಾಗ್‌ನ ಓದನ್ನು ಕಳೆದು, ಅಂದಿನ ದಿನ ಆಕಾಶದಲ್ಲಿ ಆ ಪ್ರವಾಹ ಎಷ್ಟು ಪ್ರಬಲವಾಗಿತ್ತು ಎಂಬುದನ್ನು ಭಾರತೀಯ ಭೂಕಾಂತ ವಿಜ್ಞಾನಿಗಳು ಲೆಕ್ಕಹಾಕುತ್ತಾರೆ.